ತವರಿನಿಂದ ಬಂದದ್ದು

ವಿಜಯಪುರ
14-9-2025

ಪ್ರೀತಿಯ ತಮ್ಮ ಚಿನ್ನಸ್ವಾಮಿಗೆ,

ಅಕ್ಕ ದ್ಯಾವಮ್ಮ ಮಾಡುವ ಆಶೀರ್ವಾದಗಳು. ನಾವು ಕ್ಷೇಮ. ನೀನು, ಬೈರಮ್ಮ, ಮಗು ನವ್ಯಶ್ರೀ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ತಿಂಗಳಿಂದ ನಿನ್ನ ಫೋನ್ ಎತ್ತಿಲ್ಲ, ತಪ್ಪು ನನ್ನದೇ. ನಿನ್ನ ದನಿ ಏರಿದರೆ ನನಗೆ ಬಾಯಿ ಕಟ್ಟುತ್ತದೆ. ನೀನು ಶಾಲೆಯಿಂದ ತಂದ ಸ್ಲೇಟಿನ ಮೇಲೆ ಅಕ್ಷರ ತಿದ್ದಿಕೊಂಡವಳು ನಾನು. ಬರೆದರೆ ನಿಧಾನವಾಗಿ ಎಲ್ಲ ಹೇಳಬಹುದು.

ಲಕ್ವ ಹೊಡೆದಿದ್ದ ನಿಮ್ಮ ಭಾವನ ಬಲಗೈ ಈಗ ಲೋಟ ಹಿಡಿಯುವಷ್ಟಾಗಿದೆ. ಕಾಫಿ ಅರ್ಧ ಪಂಚೆಗೆ, ಅರ್ಧ ಬಾಯಿಗೆ.

ದಾಬಸ್‌ಪೇಟೆ ಹತ್ತಿರದ ಅಪ್ಪನ ಜಮೀನು ಕಾರ್ಖಾನೆಗೆ ಹೋದಾಗ, ಹೆಣ್ಣುಮಕ್ಕಳ ಸಹಿಯೂ ಬೇಕೆಂದು ನೀನು ಕಾಗದ ತಂದೆ. ಹಕ್ಕು ಬಿಟ್ಟುಕೊಡುವ ಕಾಗದವೆಂದುಕೊಂಡು ನಾನು ಓದದೆ ಸಹಿ ಹಾಕಿದೆ. ಬಹುಶಃ ನೀನೂ ಓದಿರಲಿಲ್ಲ; ಅದು ಪರಿಹಾರದ ಹಣ ಪಾಲು ಮಾಡುವ ಕಾಗದವಾಗಿತ್ತು. ಶ್ರಾವಣದಲ್ಲಿ ನನ್ನ ಪಾಲೆಂದು ಮೂರು ಲಕ್ಷ ನಲವತ್ತು ಸಾವಿರ ನನ್ನ ಖಾತೆಗೇ ಬಂತು. "ಅಕ್ಕಾ, ಆ ದುಡ್ಡು ಹಂಗೇ ನನ್ ಖಾತೆಗೆ ಹಾಕ್ಬಿಡು. ತವರಿನ ಭೂಮಿ ದುಡ್ಡು ತಿಂದ್ರೆ ದಕ್ಕಲ್ಲ" ಅಂದೆ. ನಾನು "ಆಯ್ತಪ್ಪಾ" ಅಂದುಬಿಟ್ಟೆ. ಹಾಗನ್ನಬಾರದಿತ್ತು.

ನಿನಗೆ ಹೇಳದೆ ಮುಚ್ಚಿಟ್ಟದ್ದೊಂದಿದೆ. ರೇಷ್ಮೆ ಹುರಿ ಮಾಡುವ ಮಿಷನ್ನಿಗೆ ತಂದ ಸಾಲದ ಕಂತು, ಭಾವ ಹಾಸಿಗೆ ಹಿಡಿದ ಮೇಲೆ ನಿಂತುಹೋಯಿತು. ಹೋದ ವರ್ಷ ಲೋಕ ಅದಾಲತ್ತಿನಲ್ಲಿ ಬ್ಯಾಂಕಿನವರು ಬಡ್ಡಿ ಬಿಟ್ಟು, ತಿಂಗಳಿಗೆ ಆರು ಸಾವಿರದಂತೆ ಕಟ್ಟಲು ಒಪ್ಪಿದರು. ಎಲ್ಲಿಂದಲಾದರೂ ದೊಡ್ಡ ಹಣ ಬಂದರೆ ತಿಳಿಸಿ, ಮೊದಲು ಸಾಲಕ್ಕೇ ಕಟ್ಟುತ್ತೇನೆಂದು ನಾನೂ ಬರೆದುಕೊಟ್ಟೆ. ಜಾಮೀನು ನಿಂತವಳು ಮಾರಕ್ಕ. ನಮ್ಮಲ್ಲಿ ಕಡಿದ ಎಳೆಗೆ ಗಂಟು ಹಾಕುತ್ತಿದ್ದವಳು. ಅವಳಿಗಿರುವುದು ಆ ಒಂದು ಮನೆ.

ಹತ್ತು ದಿನ ನಿದ್ದೆ ಬರಲಿಲ್ಲ. ಕೊನೆಗೆ ಬ್ಯಾಂಕಿಗೆ ಹೋದೆ. ಅಲ್ಲಿ ಚೈತ್ರ ಎಂಬ ಹುಡುಗಿ ಸಾಲದ ಕೆಲಸ ನೋಡುತ್ತಾಳೆ.

"ತಮ್ಮನಿಗೆ ಕೊಟ್ರೆ ಏನಾಗುತ್ತಮ್ಮ?" ಎಂದೆ.

"ಒಪ್ಪಂದ ಮುರಿದಂಗಾಗುತ್ತೆ ಅಮ್ಮಾ. ಬಿಟ್ಟ ಬಡ್ಡೀನೂ ಸೇರಿಸಿ ಕೇಳ್ತಾರೆ. ಜಾಮೀನಿನವರಿಗೂ ನೋಟಿಸ್ ಹೋಗುತ್ತೆ."

"ನಾನು ಹೇಳ್ದೇ ಇದ್ದಿದ್ರೆ?"

"ಖಾತೆ ಇರೋದೇ ನಮ್ಮಲ್ಲಲ್ವಾ?" ಎಂದು ನಕ್ಕಳು. ನನಗೂ ನಗು ಬಂತು.

ಬಾಕಿಯಿದ್ದ ಎರಡು ಲಕ್ಷ ಎಪ್ಪತ್ತು ಸಾವಿರವನ್ನು ಅಂದೇ ಕಟ್ಟಿದೆ. ಸಾಲ ತೀರಿದ ಕಾಗದವನ್ನು ಮಾರಕ್ಕನಿಗೆ ತೋರಿಸಿದೆ. ಓದಲು ಬಾರದವಳು ಎರಡೂ ಕಡೆ ತಿರುಗಿಸಿ ನೋಡಿ, "ಇನ್ಮೇಲೆ ಮನೇಗೆ ಸುಣ್ಣ ಹೊಡಿಸ್ಬೋದಾ?" ಅಂದಳು. ಒಂದು ವರ್ಷದಿಂದ ಆ ಗೋಡೆ ಹಾಗೇ ಇದ್ದದ್ದು ಯಾಕೆಂದು ನನಗೆ ಆಗಲೇ ತಿಳಿದದ್ದು.

ಉಳಿದ ಎಪ್ಪತ್ತು ಸಾವಿರ ಭಾವನ ಔಷಧಿಗೆ. ಅದನ್ನೂ ಕಳಿಸುವುದಿಲ್ಲ ತಮ್ಮಾ. ಅಪ್ಪನಿಗೆ ನಾನೂ ಮಗಳೇ. ಕಳಿಸುತ್ತೇನೆಂದು ಮಾತು ಕೊಟ್ಟು ತಪ್ಪಿದೆನಲ್ಲ, ಅದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ. "ನಿನ್ ತಮ್ಮ ಬ್ಯಾಂಕ್ನೋರಿಗಿಂತ ಬಿಗಿ ಕಣೇ, ಬಡ್ಡಿ ಬಿಡಲ್ಲ" ಅಂತ ಭಾವ ಹಾಸಿಗೆಯಿಂದಲೇ ರೇಗಿಸುತ್ತಾರೆ.

ಬೈರಮ್ಮನ ಮುತ್ತೈದೆತನ ಗಟ್ಟಿಯಾಗಿರಲಿ, ಮಗು ಓದಿನಲ್ಲಿ ಮುಂದೆ ಬರಲಿ, ನಿನ್ನ ಮನೆ ತುಂಬಿರಲಿ.

ನಿನ್ನ ಅಕ್ಕ,
ದ್ಯಾವಮ್ಮ

ಮರೆತ ಮಾತು: ಗೌರಿಹಬ್ಬದ ದಿನ ಮಧ್ಯಾಹ್ನದವರೆಗೆ ಬಾಗಿಲಲ್ಲೇ ಕೂತಿದ್ದೆ. ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ತವರಿನ ಬಾಗಿನ ತಪ್ಪಿದ್ದು ಇದೇ ಮೊದಲು. ಆಮೇಲೆ ನಾನೇ ಪೇಟೆಗೆ ಹೋಗಿ ಒಂದು ಜೊತೆ ಮೊರ, ಒಂದು ಡಜನ್ ಹಸಿರು ಬಳೆ ತಂದೆ. ಮಾರಕ್ಕ "ತಮ್ಮ ಕಳಿಸಿದ್ನಾ?" ಅಂದಳು. "ಹೂಂ ಕಣೇ, ಬೆಳಿಗ್ಗೇನೇ ಬಂತು" ಅಂದೆ. ಬಳೆ ಇನ್ನೂ ತೊಟ್ಟಿಲ್ಲ.