ಸೌಟು ಯಾರ ಮೇಜಿನ ಮೇಲಿದೆ?

ಆಫೀಸಿನಲ್ಲಿ, ನಿನ್ನದೇ ಕುರ್ಚಿಯಿಂದ
ಬುಧವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ಕಣ್ಣು ಹೇಗಿದೆ? ಉರಿ ಕಡಿಮೆಯಾಯಿತೆ? ಪಟ್ಟಿ ಬಿಚ್ಚುವವರೆಗೆ ಫೋನೂ ಬೇಡ, ಕಂಪ್ಯೂಟರೂ ಬೇಡ ಎಂದು ಡಾಕ್ಟರು ಹೇಳಿದ್ದನ್ನು ಭಾವ ಕಾನೂನೇ ಮಾಡಿಬಿಟ್ಟಿದ್ದಾರೆ. ಫೋನ್ ಮಾಡಿದರೆ, "ಆಫೀಸಿನ ವಿಷಯವಾ? ಕಾಗದ ಬರಿ. ನಾನೇ ಓದಿ ಹೇಳ್ತೀನಿ, ತಲೆ ಕೆಡಿಸೋದನ್ನ ಬಿಟ್ಟು" ಅಂದರು. ಹಾಗಾಗಿ ಈ ಕಾಗದ ನನ್ನ ಕೈಯಿಂದ ಭಾವನ ಬಾಯಿಗೆ, ಅಲ್ಲಿಂದ ನಿನ್ನ ಕಿವಿಗೆ. ಭಾವ, ನಡುವೆ ಕೆಮ್ಮಿ ಸಾಲು ನುಂಗಬೇಡಿ. ಕಟ್ಟಿರುವುದು ಅಕ್ಕನ ಕಣ್ಣಿಗೆ, ಕಿವಿಗಲ್ಲ.

ಸುದ್ದಿಗೆ ಬರುತ್ತೇನೆ. ನಿನ್ನ ಆ ದಲ್ಲಾಳಿ, ಅದೇ, ನಮ್ಮ ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ಕೂತು ಕೇಳಿದ ಮಾಹಿತಿ ತಂದುಕೊಡುವ ಬಾಡಿಗೆ ಟೂಲು, ಪೂರ್ತಿ ಬಾಡಿಹೋಗಿದೆ. ಅದನ್ನು ಬೈದರೆ ಹೆತ್ತ ಮಗುವನ್ನು ಬೈದಷ್ಟು ನೋವು ನಿನಗೆ, ಗೊತ್ತು. ನಾವಿಬ್ಬರೇ ಅಡುಗೆಮನೆಯ ಮೇಜಿನ ಮೇಲೆ ಕಂಪನಿ ಶುರುಮಾಡಿದಾಗ, ಬೆರಳೆಣಿಕೆಯಷ್ಟು ಪ್ರಾಣಿ ಕ್ಲಿನಿಕ್ಕುಗಳು ನಮ್ಮ ಸಾಫ್ಟ್‌ವೇರ್ ನಂಬಿದಾಗ, ಮಾನ ಉಳಿಸಿದ್ದು ಅದೇ. ಆದರೆ ತೊಟ್ಟಿಲ ಮಗುವಿಗೆ ಹೊಲಿಸಿದ ಅಂಗಿಯನ್ನು ಮದುವೆಯ ದಿನವೂ ತೊಡಿಸಲಾದೀತೆ? ಈಗ ಊರೂರಿನ ಕ್ಲಿನಿಕ್ಕುಗಳಿಗೂ ಅದೇ ದಾರಿ, ನಮಗೂ ಅದೇ ದಾರಿ. ಸ್ವಲ್ಪ ಜನ ಒಟ್ಟಿಗೆ ಕೇಳಿದರೆ ಸಾಕು, ಮುನಿಸಿಕೊಂಡು ಕೂರುತ್ತದೆ. ಡೇಟಾ ನಮ್ಮದು, ಡೇಟಾಬೇಸು ನಮ್ಮದು. ದೇವರು ಕೊಟ್ಟರೂ ಪೂಜಾರಿ ಕೊಡ! ಟೂಲಿನವರಿಗೆ ದೂರು ಕೊಟ್ಟೆ, ದೂರಿಗೊಂದು ನಂಬರು ಹಾಕಿ ಟಿಕೆಟ್ ಅಂತ ಕೊಟ್ಟರು. ಟಿಕೆಟ್ ಸಿಕ್ಕಿ ತಿಂಗಳಾಯಿತು, ಬಸ್ಸು ಬಂದಿಲ್ಲ.

ಅದಕ್ಕೇ ತಾನೇ ನೀನು ಮನೆಯಿಂದ ಮರದ ಸೌಟು ತಂದಿಟ್ಟದ್ದು? ಸೌಟು ಯಾರ ಮೇಜಿನ ಮೇಲಿದೆಯೋ ಅವರು ಮಾತ್ರ ದೊಡ್ಡ ವರದಿ ತೆಗೆಯಬೇಕು, ಮಿಕ್ಕವರು ಕಾಯಬೇಕು. ಇಷ್ಟೆಲ್ಲ ಓದಿ ಕೊನೆಗೆ ಹಿಡಿದದ್ದು ಸೌಟೇ ಎಂದು ನಕ್ಕೆವು, ನಕ್ಕರೂ ಪಾಲಿಸಿದೆವು. ಸೋಮವಾರ ಸಂಜೆ ಟೆಸ್ಟಿಂಗ್ ಹುಡುಗಿ ಅದನ್ನು ಲ್ಯಾಪ್‌ಟಾಪಿನ ಜೊತೆ ಚೀಲಕ್ಕೆ ತುರುಕಿ ಮನೆಗೆ ಒಯ್ದಳು. ನಿನ್ನೆ ಅವಳಿಗೆ ರಜೆ. ನಿನ್ನೆ ಬೆಳಿಗ್ಗೆ ನೋಡಿದರೆ ಯಾರ ಮೇಜಿನ ಮೇಲೂ ಸೌಟಿಲ್ಲ. "ಸೌಟಿಲ್ಲ ಅಂದ್ರೆ ಯಾರೂ ಬಡಿಸ್ತಿಲ್ಲ ಅಂತ ತಾನೇ?" ಎಂದು ಲೆಕ್ಕದವರು ವರದಿ ಒತ್ತಿದರು. ಅದೇ ತರ್ಕದಲ್ಲಿ ಡಿಸೈನರ್ ಒತ್ತಿದ. ನಾನೂ ಒತ್ತಿದೆ. ದಲ್ಲಾಳಿ ಅಂಗಾತ ಮಲಗಿತು.

ಅದೇ ಹೊತ್ತಿಗೆ ನಮ್ಮ ಮೊಟ್ಟಮೊದಲ ಗಿರಾಕಿ, ನಿನ್ನ ಮೆಚ್ಚಿನ ನಾಯಿ ಡಾಕ್ಟರಮ್ಮ, ಒಂದು ಮುದಿ ನಾಯಿಯ ಮುಂದೆ ಸೂಜಿ ಹಿಡಿದು ನಿಂತಿದ್ದರು. ನಾಯಿಯ ಹಳೆಯ ದಾಖಲೆ ಬರಲೇ ಇಲ್ಲ, ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ಏನೋ ಅನುಮಾನ ಬಂದು, ಹೊರಗೆ ಕೂತಿದ್ದ ನಾಯಿಯ ಯಜಮಾನನನ್ನು ಕರೆಸಿ ಕೇಳಿದರಂತೆ. ಆ ಔಷಧಿ ಆ ನಾಯಿಗೆ ಆಗುವುದೇ ಇಲ್ಲ! ಆಮೇಲೆ ನನಗೆ ಫೋನ್ ಮಾಡಿದರು. ಬೈಯಲಿಲ್ಲ, ಅದೇ ನನಗೆ ಭಯ. "ನೋಡಮ್ಮಾ, ನಾಯಿಗೆ ಮಾತು ಬರಲ್ಲ ಅಂತ ತಾನೇ ನಿಮ್ಮನ್ನ ಇಟ್ಕೊಂಡಿರೋದು? ನೀವೂ ಬಾಯಿ ಮುಚ್ಕೊಂಡ್ರೆ ಹೇಗೆ? ತಿಂಗಳ ಕೊನೆವರೆಗೆ ನೋಡ್ತೀನಿ. ಆಮೇಲೆ ಬೇರೆಯವರನ್ನ ನೋಡ್ಕೋತೀನಿ."

ಇರಲಿ. ಪಟ್ಟಿ ಸರಿಸಿ ಕಣ್ಣಿಗೆ ಹನಿ ಹಾಕುವಾಗ ಮಕ್ಕಳ ಹಾಗೆ ಮುಖ ತಿರುಗಿಸಬೇಡ. ಇಷ್ಟು ಓದಿದ ಭಾವನಿಗೆ ನಮಸ್ಕಾರ, ಅವರ ಗಂಟಲಿಗೆ ಒಂದು ಲೋಟ ಬಿಸಿನೀರು.

ನಿನ್ನ ತಂಗಿ,
ವಟವಟಿ

ಅಯ್ಯೋ, ಮುಖ್ಯವಾದದ್ದೇ ಉಳಿಯಿತು: ಭಾವ, ಇದನ್ನೇನಾದರೂ ಹಾರಿಸಿದಿರೋ, ಈ ಜನ್ಮದಲ್ಲಿ ನಿಮ್ಮ ಜೋಕಿಗೆ ನಗುವುದಿಲ್ಲ. ಅಕ್ಕಾ, ಇವತ್ತು ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಹೋಗಿ, ದಲ್ಲಾಳಿಯನ್ನು ಕಿತ್ತುಹಾಕಿ ತಿಂಗಳ ಕೊನೆಗೆ ನಮ್ಮದೇ ದಾರಿ ಮಾಡಿಕೊಡುತ್ತೇವೆ ಎಂದು ನಿನ್ನನ್ನು ಕೇಳದೆ ಮಾತು ಕೊಟ್ಟು ಬಂದಿದ್ದೇನೆ. ಕೋಡ್ ನಾನು ಬರೆದೇನು; ಆದರೆ ಯಾವ ಮಾಹಿತಿಯನ್ನು ಎಲ್ಲಿಟ್ಟೆ, ಯಾಕಿಟ್ಟೆ ಎಂಬುದು ನಿನ್ನ ತಲೆಯಲ್ಲಿ ಮಾತ್ರ ಇದೆ. ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ನೀನು ಕಣ್ಣು ಮುಚ್ಚಿಕೊಂಡೇ ಹೇಳು, ನಾನು ಬರೆದುಕೊಳ್ಳುತ್ತೇನೆ. ಬೇಡ ಅನ್ನುವುದಾದರೆ ನನ್ನ ಮುಖ ನೋಡಿ ಅನ್ನಬೇಕು. ಸದ್ಯಕ್ಕೆ ಅದು ನಿನ್ನಿಂದಾಗದು. ಟೆಸ್ಟಿಂಗ್ ಹುಡುಗಿ ಇವತ್ತು ವಾಪಸ್ ತಂದ ಸೌಟನ್ನೂ ತರುತ್ತಿದ್ದೇನೆ. ಇನ್ನು ಅದು ನಿನ್ನ ಅಡುಗೆಮನೆಯಲ್ಲೇ ಇರಲಿ.