ಫ್ರಿಜ್ ಹಿಂದಿನ ಸದ್ದು

ನವೆಂಬರ್ ೧೭, ಸೋಮವಾರ

ಸ್ವೆಟರ್ ಹಾಕಬೇಕಾದ ಕಾಲದಲ್ಲಿ ಫ್ಯಾನ್ ಇಲ್ಲದೆ ಕೂರಲಾಗುವುದಿಲ್ಲ. ಏನು ಸೆಕೆಯೋ, ದರಿದ್ರದ್ದು. ಮೂರು ದಿನದಿಂದ ಕಿರ್ರೆನ್ನುತ್ತಿದ್ದ ಫ್ರಿಜ್ಜನ್ನು ಇವತ್ತು ರಿಪೇರಿಯವನಿಗೆ ತೋರಿಸಿದೆ. ಅವನು ಪ್ಲಗ್ ಕಿತ್ತ. ಸದ್ದು ನಿಲ್ಲಲಿಲ್ಲ. ಬಗ್ಗಿ, ಹಿಂದಕ್ಕೆ ಟಾರ್ಚ್ ಬಿಟ್ಟು ನಕ್ಕ.

"ಫ್ರಿಜ್ ಗಟ್ಟಿಮುಟ್ಟಾಗಿದೆ ಮೇಡಂ. ಇದು ಜೀರುಂಡೆ. ಈ ಸೆಕೆಗೆ ಕಾಲ ಮರೆತು ಬಂದಿದೆ. ಹಿಡಿದು ಆಚೆ ಹಾಕ್ಲಾ?"

ನಾಚಿಕೆಯಾಯಿತು. ಮದುವೆಯಾಗಿ ಹೋದ ತಂಗಿ ಇನ್ನೂ ಇಲ್ಲೇ ಇದ್ದಿದ್ದರೆ ಮೊದಲ ದಿನವೇ "ಅಕ್ಕಾ, ಅದು ಹುಳ ಕಣೇ" ಎಂದು ಬಿದ್ದು ಬಿದ್ದು ನಗುತ್ತಿದ್ದಳು.

"ಬೇಡ, ಇರ್ಲಿ ಬಿಡಿ" ಎಂದೆ.

ಈಗ ಬೆವರು ಪುಟದ ಮೇಲೆ ತೊಟ್ಟಿಕ್ಕುತ್ತಿದೆ. ಆದರೂ ಫ್ಯಾನ್ ಆರಿಸಿ ಕೂತಿದ್ದೇನೆ. ಅದು ತಿರುಗಿದರೆ ಅಡುಗೆಮನೆಯ ಸದ್ದು ಈ ಕೋಣೆವರೆಗೆ ಬರುವುದಿಲ್ಲ.