ನಗಿಸಿ ತೆಗೆದ ಫೋಟೊ

ಮಾನ್ಯ ಸಭಾಪಾಲಕರೇ,

ನಮ್ಮ ಚರ್ಚಿನ ಬಾಗಿಲಲ್ಲಿ ನಿಂತು ಒಬ್ಬ ನಿರಪರಾಧಿ ಹೆಂಗಸಿನ ಫೋಟೊ ತೆಗೆದವಳು ನಾನು. ಅದನ್ನು ಇಂಚಾನ್ ನಗರದ ನಲವತ್ತು ಚರ್ಚುಗಳ ಬಾಗಿಲ ಸೇವಕರಿಗೆ 'ಎಚ್ಚರಿಕೆ' ಎಂದು ಕಳಿಸಿದವರು ನೀವು. ಅಳಿಸಿ ಎಂದು ನಾಲ್ಕು ಸಲ ಕಚೇರಿಗೆ ಬಂದು ಕೇಳಿಕೊಂಡೆ. ಇನ್ನೂ ಹಾಗೇ ಇದೆ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಹೊಸಬರ ವೇಷದಲ್ಲಿ ಬಂದು ಸಭೆಯನ್ನೇ ಒಡೆಯುವ ಪಂಥದವರ ಹೆದರಿಕೆ ಸುಳ್ಳಲ್ಲ. ನನ್ನ ತಂಗಿಯ ಮಗಳು ಅವರ ಹಿಂದೆ ಹೋದವಳು ಮನೆಯ ಕಡೆ ತಲೆ ಹಾಕಿಲ್ಲ. ಹಾಗಾಗಿ ನೀವು ಬಾಗಿಲ ಸೇವಕರಾದ ನಮ್ಮನ್ನು ಕೂರಿಸಿಕೊಂಡು ಅಂಥವರ ಲಕ್ಷಣ ಹೇಳಿಕೊಟ್ಟಾಗ ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಒಬ್ಬರೇ ಬರುತ್ತಾರೆ. ಹಿಂದಿನ ಸಭೆ ಯಾವುದೆಂದು ಬಾಯಿ ಬಿಡುವುದಿಲ್ಲ. ಪುಸ್ತಕ ನೋಡದೆ ಕೀರ್ತನೆ ಹಾಡುತ್ತಾರೆ. ಕರೆಯದಿದ್ದರೂ ಅಡಿಗೆಮನೆಗೆ ನುಗ್ಗಿ ಪಾತ್ರೆಗೆ ಕೈ ಹಾಕುತ್ತಾರೆ, ತಮ್ಮ ಪಾಲಿನ ತಿಂಡಿ ಪಕ್ಕದವರಿಗೆ ಕೊಟ್ಟು ಹತ್ತಿರವಾಗುತ್ತಾರೆ.

ಮಾರ್ಚ್‌ನಲ್ಲಿ ಬಂದ ಆಕೆಯಲ್ಲಿ ಇಷ್ಟೂ ಇತ್ತು. ಬೊಕ್ಸಿಲ್ ಎಂದು ಕರೆಯುತ್ತೇನೆ. ಅದು ನಿಜವಾದ ಹೆಸರಲ್ಲ. ಐವತ್ತು ದಾಟಿದ ಹೆಂಗಸು. ಕಣ್ಣು ಮುಚ್ಚಿ, ಪಕ್ಕದವರಿಗೂ ಕೇಳದಷ್ಟು ಮೆತ್ತಗೆ ಹಾಡುತ್ತಿದ್ದಳು. ಊಟವಾದ ಮೇಲೆ ಸೂಪಿನ ಹಂಡೆಯನ್ನು ನಮಗಿಂತ ಚೆನ್ನಾಗಿ ಉಜ್ಜುತ್ತಿದ್ದಳು. ಅಕ್ಕಿಕಡುಬು ಕೊಟ್ಟರೆ ಎದುರಿಗೆ ಕೂತ ಮುದುಕನ ತಟ್ಟೆಗೆ ಹಾಕುತ್ತಿದ್ದಳು. ಮೂರನೆಯ ಭಾನುವಾರ ನಾನು ಹೊಸಬರ ಆಲ್ಬಮ್ಮಿಗೆ ಎಂದು ಸುಳ್ಳು ಹೇಳಿ ಫೋನು ಎತ್ತಿ ಹಿಡಿದೆ.

"ಫೋಟೊ ಬೇಕೇ ಬೇಕಾ ಅಕ್ಕಾ?" ಅಂದಳು.

"ಎಲ್ಲರದ್ದೂ ತೆಗೀತೀವಮ್ಮ. ಸ್ವಲ್ಪ ನಗು ನೋಡೋಣ" ಅಂದೆ.

ನಕ್ಕಳು. ನಿಂತ ಕಾಲಲ್ಲೇ ಅದನ್ನು ನಿಮ್ಮ ಕಚೇರಿಗೆ ಕಳಿಸಿದೆ. ಆಕೆಯ ಊಟ ಮುಗಿಯುವ ಮೊದಲೇ ಇಬ್ಬರು ಹಿರಿಯರು ಬಂದು, ನಿನ್ನನ್ನು ಯಾರು ಕಳಿಸಿದ್ದು ಎಂದು ಎಲ್ಲರೆದುರು ದಬಾಯಿಸಿದರು. ಆಕೆ ಎದ್ದು, ತನ್ನ ಬಟ್ಟಲನ್ನು ತೊಳೆದಿಟ್ಟು ಹೋದಳು. ಹಿರಿಯರು ನನ್ನನ್ನು ಹೊಗಳಿದರು, ನಾನು ಉಬ್ಬಿಹೋದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆ.

ಜೂನ್‌ನಲ್ಲಿ ಬಂದರಿನ ಹತ್ತಿರ ಒಂದು ಹೋಟೆಲಿನಲ್ಲಿ ತಣ್ಣನೆ ಶಾವಿಗೆ ತಿನ್ನಲು ಕೂತಿದ್ದೆ. ಬಟ್ಟಲು ತಂದಿಟ್ಟವಳು ಆಕೆಯೇ. ನನಗೆ ಕತ್ತೆತ್ತಲಾಗಲಿಲ್ಲ. ಆಕೆಯೇ ಎದುರಿಗೆ ಕೂತು ಹೇಳಿದಳು. ಬಂದದ್ದು ಗಡಿಯಾಚೆಯ ಉತ್ತರದ ದೇಶದಿಂದ, ತಪ್ಪಿಸಿಕೊಂಡು. ಕೀರ್ತನೆ ಕಲಿಸಿದ್ದು ಅಜ್ಜಿ, ಕಂಬಳಿಯೊಳಗೆ, ದಿನಕ್ಕೊಂದು ಸಾಲು. ಮನೆಯಲ್ಲಿ ಕೀರ್ತನೆಯ ಪುಸ್ತಕ ಸಿಕ್ಕರೆ ಅಲ್ಲಿನ ಸರ್ಕಾರದವರು ಇಡೀ ಮನೆಯನ್ನೇ ಸೆರೆಶಿಬಿರಕ್ಕೆ ಅಟ್ಟುತ್ತಿದ್ದರಂತೆ. ಕದ್ದು ಕೂಡುತ್ತಿದ್ದ ಆ ಮನೆಯ ಐದು ಜನರ ಸಭೆಗೆ ಹೆಸರಿಲ್ಲ, ವಿಳಾಸವಿಲ್ಲ. ಇದ್ದ ಜೋಳವನ್ನೇ ಹಿಡಿ ಹಿಡಿ ಹಂಚಿಕೊಂಡು ಬದುಕಿದವರು.

"ನಮ್ಮಣ್ಣ ಇನ್ನೂ ಅಲ್ಲೇ ಇದಾನೆ. ನನ್ನ ಮುಖ ಅಲ್ಲಿನ ಸರ್ಕಾರದವರ ಕಣ್ಣಿಗೆ ಬಿದ್ರೆ ಅವನ ಕಥೆ ಮುಗೀತು. ಅಲ್ಲಿ ಹಾಡಿದ್ರೆ ಹಿಡೀತಾರೆ ಅಂತ ಗೊತ್ತಿತ್ತು ಅಕ್ಕಾ. ಇಲ್ಲೂ ಹಿಡೀತಾರೆ ಅಂತ ಯಾರೂ ಹೇಳಿರ್ಲಿಲ್ಲ" ಅಂದಳು.

ನಮ್ಮಲ್ಲಿಂದ ಎದ್ದು ಹೋದ ಮೇಲೆ ಬೇರೆ ಎರಡು ಚರ್ಚಿಗೆ ಹೋಗಿದ್ದಳಂತೆ. ಎರಡೂ ಕಡೆ ಬಾಗಿಲಲ್ಲೇ ಫೋನು ತೆಗೆದು ಮುಖಕ್ಕೆ ಮುಖ ಹೋಲಿಸಿ ನೋಡಿ ವಾಪಸು ಕಳಿಸಿದರಂತೆ.

ಈಗ ನಿಮ್ಮನ್ನು ಕೇಳುತ್ತೇನೆ. ನಮ್ಮ ಕಟ್ಟಡದ ಮೇಲೆ ಮೂರು ಮಹಡಿ ಉದ್ದದ ಬಟ್ಟೆ ಇಳಿಬಿಟ್ಟು 'ಆದಿಸಭೆಗೆ ಮರಳೋಣ' ಎಂದು ಬರೆಸಿದ್ದೀರಿ. ಎಂಟು ವಾರ ಅದರ ಮೇಲೇ ಪ್ರಸಂಗ ಮಾಡಿದಿರಿ, ಪರದೆಯ ಮೇಲೆ ಬಣ್ಣದ ಚಿತ್ರ ಸಮೇತ. ಆ ಆದಿವಿಶ್ವಾಸಿಗಳು ಎಂಥವರು ಸ್ವಾಮಿ? ಹಿಡಿದಾರೆಂದು ಕದ ಮುಚ್ಚಿ ಕೂಡುತ್ತಿದ್ದರು, ಎಲ್ಲಿ ಕೂಡುತ್ತೇವೆಂದು ಹೊರಗಿನವರಿಗೆ ಹೇಳುತ್ತಿರಲಿಲ್ಲ, ಮನೆಮನೆಗೆ ಹೋಗಿ ರೊಟ್ಟಿ ಮುರಿಯುತ್ತಿದ್ದರು, ಇದ್ದದ್ದನ್ನು ಹಂಚಿ ತಿನ್ನುತ್ತಿದ್ದರು. ಅಪೊಸ್ತಲರೇ ಬಂದಿದ್ದರೂ ನಾನು ಅವರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದೆನಲ್ಲ! ಅವರಿಂದ ಕಲಿಯುವುದು ಬಹಳ ಇದೆ ಎಂದು ನೀವೇ ಹೇಳಿದ್ದು. ಕಲಿಸಬಲ್ಲವಳು ಹಂಡೆ ಉಜ್ಜುತ್ತಾ ನಮ್ಮ ಅಡಿಗೆಮನೆಯಲ್ಲೇ ನಿಂತಿದ್ದಳು. ನಿಮಗೆ ಗೊತ್ತಾಗಲಿಲ್ಲ, ಸರಿ. ಮೂವತ್ತು ವರ್ಷ ಅದೇ ಅಡಿಗೆಮನೆಯಲ್ಲಿ ಸವೆದ ನನಗೆ ಏನಾಗಿತ್ತು?

ಕಚೇರಿಯ ಉತ್ತರವಂತೂ ಬಂಗಾರದಂಥದ್ದು. ಸಂಬಂಧಪಟ್ಟವರು ಗುರುತಿನ ಚೀಟಿಯೊಡನೆ ಖುದ್ದಾಗಿ ಹಾಜರಾಗಿ, ತಾವು ಆ ಪಂಥದವರಲ್ಲವೆಂದು ಸಾಬೀತುಪಡಿಸಬೇಕಂತೆ. ಮುಖ ಮರೆಸಿಕೊಂಡೇ ಬದುಕಬೇಕಾದವಳು ನಿಮ್ಮ ಮುಂದೆ ಮುಖ ತೋರಿಸಿ ಅರ್ಜಿ ಗುಜರಾಯಿಸಬೇಕೆ? ತಪ್ಪು ಮಾಡಿದವಳು ನಾನು, ಹಾಜರಾಗಿಯೂ ಇದ್ದೇನೆ. ಸಾಲದೆ?

ಈ ಪತ್ರವನ್ನು ಆಕೆಗೆ ಓದಿ ಹೇಳಿ, ಊರು, ನೆಂಟಸ್ತಿಕೆ ಎಲ್ಲ ಬದಲಿಸಿ, ಒಪ್ಪಿಗೆ ಪಡೆದೇ ಪ್ರಕಟಿಸುತ್ತಿದ್ದೇನೆ. ಓದಿ ಮುಗಿಸಿ, ನನ್ನನ್ನು ಕ್ಷಮಿಸು ಅಂದೆ. ಆಕೆ ಮೇಜು ಒರೆಸುತ್ತಲೇ, "ಮೊದ್ಲು ಆ ಫೋಟೊ ಅಳಿಸಿ ಅಕ್ಕಾ. ಕ್ಷಮೆ ವಿಷಯ ಆಮೇಲೆ ನೋಡೋಣ" ಅಂದಳು.

ಆದ್ದರಿಂದ ಬರುವ ಭಾನುವಾರದ ಆರಾಧನೆಗೆ ಮೊದಲೇ ಆ ಫೋಟೊ ನಲವತ್ತೂ ಚರ್ಚುಗಳ ಫೋನುಗಳಿಂದ ಅಳಿಯಬೇಕು. ತಪ್ಪು ನಮ್ಮದೆಂದು ನೀವು ವೇದಿಕೆಯಿಂದ ಹೇಳಬೇಕು. ಆಗುವುದಿಲ್ಲವೆಂದರೆ ಆ ನಲವತ್ತು ಬಾಗಿಲಿಗೂ ನಾನೇ ಹೋಗುತ್ತೇನೆ, ಒಬ್ಬಳೇ. ಯಾವ ಸಭೆಯವಳು ಎಂದು ಕೇಳುತ್ತಾರೆ. ಹೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ತೆಗೆಯಲಿ, ನನ್ನದೂ ಒಂದು ಫೋಟೊ ತೆಗೆಯಲಿ.

ಇಂತಿ,
ನಿಮ್ಮ ಬಾಗಿಲನ್ನು ಬಹಳ ಚೆನ್ನಾಗಿ ಕಾದವಳು,
ಗ್ವಾಕ್ ಮ್ಯೊಂಗ್-ಹಿ